ಲೋಟದ ಗೂಡು

28 ವರ್ಷಗಳಿಂದ ಹೈಸ್ಕೂಲು ಮಕ್ಕಳಿಗೆ ಕನ್ನಡ ಪಾಠ ಹೇಳಿಕೊಂಡು ಬಂದವಳು ನಾನು. ಪದ್ಯದ ಸಾರಾಂಶ, ಕವಿಯ ಆಶಯ, ಪಾತ್ರದ ಗುಣದೋಷ ಎಂದು ಉತ್ತರ ಬರೆಸಿ ಬರೆಸಿ, ವಿಮರ್ಶೆ ಎಂದರೆ ಪುಸ್ತಕಕ್ಕೆ ಮಾತ್ರ ಮಾಡುವಂಥದ್ದು ಎಂದುಕೊಂಡಿದ್ದೆ. ಆದರೆ ಈ ಸಲ ನಾನು ವಿಮರ್ಶೆಗೆ ಎತ್ತಿಕೊಂಡಿರುವುದು ಕಾವ್ಯವನ್ನೂ ಅಲ್ಲ, ಕಾದಂಬರಿಯನ್ನೂ ಅಲ್ಲ. ನಮ್ಮ ಮನೆಯ ಕಾರಿನಲ್ಲಿ ಗೇರಿನ ಪಕ್ಕಕ್ಕಿರುವ ಎರಡು ದುಂಡನೆಯ ಗುಂಡಿಗಳನ್ನು. ನಗಬೇಡಿ. ಆ ಗುಂಡಿಗಳ ದೆಸೆಯಿಂದ ನಾವು ಮೂವರು ಒಂದು ದಿನ ಆಗುಂಬೆ ಘಾಟಿಯ ತಿರುವಿನಲ್ಲಿ ದೇವರ ಪಾದ ಸೇರುವವರಿದ್ದೆವು.

ಕಾರು ಕೊಂಡ ದಿನದಿಂದಲೇ ಶುರು ಮಾಡುತ್ತೇನೆ. ಟೈ ಕಟ್ಟಿಕೊಂಡ ಅಂಗಡಿಯ ಹುಡುಗ ಇಂಜಿನ್ನು, ಮೈಲೇಜು, ಟೈರು ಎಂದು ಅರ್ಧ ಗಂಟೆ ನಮ್ಮವರಿಗೆ ವಿವರಿಸಿದ. ಆಮೇಲೆ ಪಕ್ಕದಲ್ಲಿ ಕಂಬದ ಹಾಗೆ ನಿಂತಿದ್ದ ನನ್ನ ನೆನಪಾಯಿತೋ ಏನೋ, ನನ್ನ ಕಡೆ ತಿರುಗಿ ಎರಡು ವಿಷಯ ಹೇಳಿದ. ಒಂದು, ಬಿಸಿಲಿಗೆ ಅಡ್ಡ ಇಳಿಸುವ ಹಲಗೆಯ ಹಿಂದೆ ಕನ್ನಡಿ ಇದೆ. ಇನ್ನೊಂದು, "ಕಪ್ ಹೋಲ್ಡರ್ ಇದೆ ಮೇಡಂ, ಲೇಡೀಸಿಗೆ ತುಂಬಾ ಅನುಕೂಲ." ನಾನೂ ಹಿಗ್ಗಿದೆ. ಹಳೇ ಮನೆಗಳ ಗೋಡೆಯಲ್ಲಿ ದೀಪಕ್ಕೊಂದು, ಕುಂಕುಮದ ಭರಣಿಗೊಂದು ಗೂಡು ಇರುತ್ತಿತ್ತಲ್ಲ, ಹಾಗೆ ಲೋಟಕ್ಕೂ ಒಂದು ಗೂಡು ಬಂತಲ್ಲ ಎಂದು.

ಮೊದಲ ಭಾನುವಾರವೇ ಪರೀಕ್ಷೆ ನಡೆಯಿತು. ಫ್ಲಾಸ್ಕಿನಿಂದ ಸ್ಟೀಲಿನ ಲೋಟಕ್ಕೆ ಕಾಫಿ ಬಗ್ಗಿಸಿ ಗೂಡಿನಲ್ಲಿಟ್ಟೆ. ನಮ್ಮ ಲೋಟದ ತಳ ಕಿರಿದು, ಬಾಯಿ ಅಗಲ, ಮೇಲೊಂದು ಅಂಚು. ಗೂಡಿನೊಳಗೆ ಅದು ಅಜ್ಜನ ಚಪ್ಪಲಿಯಲ್ಲಿ ಮೊಮ್ಮಗನ ಕಾಲಿನಂತೆ ಅಲ್ಲಾಡುತ್ತಿತ್ತು. ಮೊದಲ ರಸ್ತೆಯುಬ್ಬಿಗೇ ಅರ್ಧ ಕಾಫಿ ಚೆಲ್ಲಿತು. ಮರುದಿನ ಟೇಪು ಹಿಡಿದು ಅಳೆದೆ. ಗೂಡಿನ ಅಗಲ ಏಳೂವರೆ ಸೆಂಟಿಮೀಟರು, ಆಳ ಐದು. ಲೋಟದ ತಳ ಐದು ಸೆಂಟಿಮೀಟರು. ಇನ್ನು ನಾವು ಎಲ್ಲಿಗೆ ಹೋದರೂ ಜೊತೆಗೊಯ್ಯುವ ಒಂದು ಲೀಟರಿನ ಸ್ಟೀಲ್ ಬಾಟಲಿಯ ತಳ ಎಂಟು. ಅಂದರೆ ಲೋಟಕ್ಕೆ ದೊಡ್ಡದು, ಬಾಟಲಿಗೆ ಚಿಕ್ಕದು. ಒಂದು ತಿಂಗಳಲ್ಲಿ ಆ ಗೂಡುಗಳಲ್ಲಿ ಚಿಲ್ಲರೆ ಕಾಸು, ಪೆಟ್ರೋಲ್ ಬಂಕಿನ ಚೀಟಿ, ನನ್ನದೊಂದು ಹೇರ್‌ಪಿನ್ನು, ದೇವಸ್ಥಾನದ ಕುಂಕುಮದ ಪೊಟ್ಟಣ ಇವೆಲ್ಲ ವಾಸಕ್ಕೆ ಬಂದವು. ಲೋಟ ಮಾತ್ರ ಬರಲಿಲ್ಲ.

ಹಾಗಾದರೆ ಲೋಟ, ಬಾಟಲಿಗಳು ಎಲ್ಲಿ ಹೋದವು? ಎಲ್ಲಿ ಹೋಗಬೇಕೋ ಅಲ್ಲಿಗೆ, ನನ್ನ ಮಡಿಲಿಗೆ. ನೀವೂ ನಿಮ್ಮ ಮನೆಯ ಕಾರನ್ನು ಒಮ್ಮೆ ನೆನಪಿಸಿಕೊಳ್ಳಿ. ಹೊರಡುವ ಹೊತ್ತಿಗೆ ಗಂಡಸರು ಬೀಗದ ಕೈ ತಿರುಗಿಸುತ್ತಾ ಬಂದು ಕೂರುತ್ತಾರೆ. ಹೆಂಗಸರು ಬರುವುದು ಕೊನೆಗೆ, ಎರಡೂ ಕೈ ತುಂಬಿಕೊಂಡು. ತಿಂಡಿ ಡಬ್ಬಿ, ಬಿಸಿನೀರಿನ ಫ್ಲಾಸ್ಕು, ದೇವರಿಗೆ ಹೂವು, ವ್ಯಾನಿಟಿ ಬ್ಯಾಗು, ವಾಂತಿ ಮಾಡುವವರಿಗೆ ಪ್ಲಾಸ್ಟಿಕ್ ಕವರು, ಅತ್ತೆಯ ಮಾತ್ರೆ, ಒರೆಸಲು ಒಂದು ಹಳೇ ಅರಿವೆ. ಕಾರಿನಲ್ಲಿ ಇವುಗಳಿಗೆ ಹೆಸರಿಟ್ಟ ಜಾಗವಿಲ್ಲ. "ಸ್ವಲ್ಪ ಇದನ್ನ ಹಿಡ್ಕೋ" ಎಂಬ ಮೂರು ಶಬ್ದಗಳೇ ಇವುಗಳ ಜಾಗ.

ಈಗ ಆಗುಂಬೆಗೆ ಬರುತ್ತೇನೆ. 2019ರ ಅಕ್ಟೋಬರಿನಲ್ಲಿ ನಮ್ಮ ಅತ್ತೆಯನ್ನು ತೀರ್ಥಹಳ್ಳಿಯಿಂದ ಮಣಿಪಾಲಕ್ಕೆ ಕರೆದುಕೊಂಡು ಹೊರಟಿದ್ದೆವು. ನಮ್ಮವರು ಕಾರು ಓಡಿಸುತ್ತಿದ್ದರು. ಅವರ ಪಕ್ಕದ ಸೀಟಿನಲ್ಲಿ ಬಟ್ಟೆಯ ಚೀಲ, ಅದರ ಮೇಲೆ ಎಕ್ಸ್‌ರೇಯ ದೊಡ್ಡ ಕವರು. ಹಿಂದಿನ ಸೀಟಿನಲ್ಲಿ ನಾನು, ನನ್ನ ಹೆಗಲಿಗೆ ಒರಗಿಕೊಂಡು ಅತ್ತೆ. ನಮ್ಮದು ಕಡಿಮೆ ಬೆಲೆಯ ಮಾದರಿ, ಹಿಂದಿನ ಬಾಗಿಲುಗಳಲ್ಲಿ ಏನನ್ನೂ ಇಡುವ ಜಾಗವಿಲ್ಲ. ಸ್ಟೀಲ್ ಬಾಟಲಿಯನ್ನು ತೊಡೆಯ ಪಕ್ಕದಲ್ಲಿ ಒತ್ತಿ ಹಿಡಿದಿದ್ದೆ. ಘಾಟಿ ಇಳಿಯುತ್ತಿದ್ದಂತೆ ಅತ್ತೆಗೆ ಹೊಟ್ಟೆ ತೊಳಸಿತು. ಕವರು ಹಿಡಿಯಲು ಒಂದು ಕೈ, ಹಣೆ ಹಿಡಿಯಲು ಇನ್ನೊಂದು ಕೈ. ಬಾಟಲಿ ಜಾರಿದ್ದು ನನಗೆ ಗೊತ್ತೇ ಆಗಲಿಲ್ಲ.

ಇಳಿಜಾರಿನಲ್ಲಿ ಕಾರಿನ ನೆಲವೂ ಮುಂದಕ್ಕೆ ಇಳಿಜಾರಾಗಿರುತ್ತದೆ ತಾನೆ? ಬಾಟಲಿ ಉರುಳಿ ಓಡಿಸುವವರ ಸೀಟಿನ ಕೆಳಗೆ ನುಗ್ಗಿ, ಅವರ ಪಾದದ ಹತ್ತಿರ ಹೊರಬಂದು, ಬ್ರೇಕಿನ ಕೆಳಗೆ ಸಿಕ್ಕಿಕೊಂಡಿತು. ತಿರುವಿನಲ್ಲಿ ಎದುರಿನಿಂದ ಮಿನಿ ಬಸ್ಸು. ನಮ್ಮವರು ಬ್ರೇಕು ತುಳಿದರೆ ಅದು ಕೆಳಗಿಳಿಯುತ್ತಿಲ್ಲ. ಎರಡನೇ ಗೇರಿನಲ್ಲಿದ್ದದ್ದು ನಮ್ಮ ಪುಣ್ಯ. ಹ್ಯಾಂಡ್‌ಬ್ರೇಕು ಎಳೆದು, ಗುಡ್ಡದ ಕಡೆಯ ಚರಂಡಿಗೆ ಚಕ್ರ ಇಳಿಸಿ ಹೇಗೋ ನಿಲ್ಲಿಸಿದರು. ಎರಡು ನಿಮಿಷ ಯಾರಿಗೂ ಮಾತಿಲ್ಲ. ಆಮೇಲೆ ನಡುಗುವ ಕೈಯಿಂದ ಬಾಟಲಿಯನ್ನು ಎತ್ತಿ ಹಿಡಿದು ಅವರು ಹೇಳಿದ ಮೊದಲ ಮಾತು: "ಒಂದು ಬಾಟ್ಲಿ ಹಿಡ್ಕೊಳ್ಳೋಕೂ ಆಗ್ಲಿಲ್ವಾ ಮಾರಾಯ್ತಿ ನಿಂಗೆ?"

ಅವರು ಕೆಟ್ಟವರಲ್ಲ. ಹೆದರಿದ್ದರು, ಅಷ್ಟೆ. ನನಗೂ ಆಗ ತಪ್ಪು ನನ್ನದೇ ಅನ್ನಿಸಿ ಕಣ್ಣೀರು ಬಂತು. ಆ ಮಾತನ್ನು ಸರಿಯಲ್ಲ ಎಂದವರು, ವಾಂತಿ ಮಾಡಿ ಸುಸ್ತಾಗಿದ್ದ ನಮ್ಮ ಅತ್ತೆ. "ಅವಳಿಗೆ ಇರೋದು ಎರಡೇ ಕೈ ಮಗಾ. ಎರಡನ್ನೂ ನಾನೇ ತಗೊಂಡಿದ್ದೆ" ಎಂದರು. ಆ ಮಾತು ನನ್ನ ತಲೆಯಲ್ಲಿ ಬಹಳ ದಿನ ಕುಳಿತಿತ್ತು. ಕೈ ಎರಡೇ ಎಂದು ಎಂಬತ್ತರ ಮುದುಕಿಗೆ ಹೊಳೆದದ್ದು, ಲಕ್ಷಗಟ್ಟಲೆ ಬೆಲೆಯ ಕಾರು ಮಾಡಿದವರಿಗೆ ಯಾಕೆ ಹೊಳೆಯಲಿಲ್ಲ?

ತರಗತಿಯಲ್ಲಿ ಪದ್ಯ ಅರ್ಥವಾಗದಿದ್ದಾಗ ಮಕ್ಕಳಿಗೆ ನಾನು ಒಂದು ಪ್ರಶ್ನೆ ಕೇಳುತ್ತೇನೆ. "ಇದನ್ನು ಕವಿ ಯಾರಿಗೆ ಹೇಳುತ್ತಿದ್ದಾನೆ?" ಆ ಪ್ರಶ್ನೆಯನ್ನೇ ಗುಂಡಿಗೂ ಹಾಕಿದೆ. ಇದನ್ನು ಮಾಡಿದವನು ಯಾರ ಕೈಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ? ಬೆಂಗಳೂರಿನಲ್ಲಿರುವ ಮಗನಿಗೆ ಹೇಳಿ ಪುಸ್ತಕ, ಲೇಖನಗಳನ್ನು ತರಿಸಿಕೊಂಡು ಓದಿದೆ. ಉತ್ತರ ಅಮೆರಿಕದಲ್ಲಿತ್ತು.

1950ರ ದಶಕದಲ್ಲಿ ಅಲ್ಲಿ ಕಾರಿನಲ್ಲೇ ಕುಳಿತು ತಿನ್ನುವ ಹೋಟೆಲುಗಳು, ಕಾರಿನಲ್ಲೇ ಕುಳಿತು ನೋಡುವ ಸಿನಿಮಾಗಳು ಬಹಳ ಜನಪ್ರಿಯವಾಗಿದ್ದವು. ಆಗಿನ ಕೆಲವು ಕಾರುಗಳಲ್ಲಿ ಮುಂದಿನ ಪೆಟ್ಟಿಗೆಯ ಮುಚ್ಚಳ ತೆರೆದರೆ ಅದರ ಒಳಮೈಯಲ್ಲಿ ಲೋಟ ಇಡುವ ತಗ್ಗುಗಳಿರುತ್ತಿದ್ದವು. ಕಾರು ನಿಂತಿದ್ದಾಗ ಮಾತ್ರ ಅವುಗಳ ಉಪಯೋಗ. 1957ರ ಕ್ಯಾಡಿಲಾಕ್ ಎಲ್ಡೊರಾಡೊ ಬ್ರೋಮ್ ಎಂಬ 13,000 ಡಾಲರಿಗೂ ಮೀರಿದ ಬೆಲೆಯ ಕಾರಿನಲ್ಲಿ, ಜಾರದಂತೆ ಅಯಸ್ಕಾಂತದಿಂದ ಕಚ್ಚಿಕೊಳ್ಳುವ ಲೋಟಗಳನ್ನೇ ಕೊಟ್ಟಿದ್ದರು. ಅದೇ ಕಾರಿನಲ್ಲಿ ಹೆಂಗಸರಿಗೆಂದು ತುಟಿಬಣ್ಣದ ಡಬ್ಬಿ, ಪೌಡರು, ಪ್ಯಾರಿಸ್ಸಿನ ಅತ್ತರು ಸಹ ಇದ್ದವು. ಗಮನಿಸಿ, ಹೆಂಗಸನ್ನು ಅವರು ಮರೆತಿರಲಿಲ್ಲ. ಆದರೆ ಅವರ ಕಣ್ಣಿಗೆ ಬಿದ್ದ ಹೆಂಗಸು ತುಟಿಗೆ ಬಣ್ಣ ಹಚ್ಚಿಕೊಳ್ಳುವವಳು. ಮಗುವಿನ ಹಾಲಿನ ಬಾಟಲಿ ಹಿಡಿದು ಕುಳಿತವಳಲ್ಲ. ಜನರಲ್ ಮೋಟರ್ಸ್ ಕಂಪನಿ ಅದೇ ದಶಕದಲ್ಲಿ ಕೆಲವು ಹೆಣ್ಣುಮಕ್ಕಳನ್ನು ಕಾರಿನ ಒಳಾಂಗಣ ವಿನ್ಯಾಸಕ್ಕೆ ತೆಗೆದುಕೊಂಡಿತು. ಕಲಿತು ಬಂದ ಆ ವಿನ್ಯಾಸಗಾರ್ತಿಯರಿಗೆ ಕಂಪನಿ ಕೊಟ್ಟ ಪ್ರಚಾರದ ಹೆಸರು 'ವಿನ್ಯಾಸದ ಕನ್ಯಾಮಣಿಗಳು' ಎಂಬ ಅರ್ಥದ್ದು. ಆ ಹೆಸರು ಅವರಿಗೇ ಹಿಡಿಸಿರಲಿಲ್ಲವಂತೆ. ನಮಗಾದರೂ ಹಿಡಿಸುತ್ತಿತ್ತೇ?

ಓಡುವ ಕಾರಿನಲ್ಲೂ ಲೋಟ ನಿಲ್ಲುವಂತೆ ಗೂಡು ಕೊರೆದು ಅದನ್ನು ಮನೆಮಾತಾಗಿಸಿದ್ದು ಕ್ರೈಸ್ಲರ್ ಕಂಪನಿಯ ಮಿನಿವ್ಯಾನುಗಳು. 1983ರ ಕೊನೆಯಲ್ಲಿ ಮಾರುಕಟ್ಟೆಗೆ ಬಂದ ಅವು ಸಂಸಾರಸ್ಥರ ವಾಹನ. ಮಕ್ಕಳನ್ನು ಶಾಲೆಗೆ ಬಿಟ್ಟು, ಸಾಮಾನು ತಂದು, ಹತ್ತಾರು ಮೈಲು ದೂರದ ಕೆಲಸಕ್ಕೆ ಹೋಗುವವರು ಕಾಫಿಯನ್ನು ಮನೆಯಲ್ಲಿ ಕುಳಿತು ಕುಡಿಯುವ ಪುರಸೊತ್ತಿಲ್ಲದೆ ಕಾರಿನಲ್ಲಿ ಕುಡಿಯುತ್ತಿದ್ದರು. ಅವರ ಕಾಫಿ ಬರುವುದು ಮುಚ್ಚಳವಿರುವ ಕಾಗದದ ಲೋಟದಲ್ಲಿ. ಅದು ಹಗುರ, ಒಮ್ಮೆ ಕುಡಿದರೆ ಎಸೆಯುವುದು, ಎಲ್ಲ ಅಂಗಡಿಯಲ್ಲೂ ಹೆಚ್ಚುಕಡಿಮೆ ಒಂದೇ ಆಕಾರ. ಅದಕ್ಕೆ ಗುಂಡನೆಯ ಗುಂಡಿ ತಕ್ಕದ್ದೇ. ಅಂದರೆ ನಮ್ಮ ಕಾರಿನ ಗೂಡು ಸುಳ್ಳು ಹೇಳುತ್ತಿಲ್ಲ, ಇನ್ಯಾರಿಗೋ ಬರೆದ ಕಾಗದ ನಮ್ಮ ಮನೆಯ ವಿಳಾಸಕ್ಕೆ ಬಂದಿದೆ.

ಅಮೆರಿಕದಲ್ಲೂ ಅದು ಎಲ್ಲರಿಗೂ ಸಿಕ್ಕಿರಲಿಲ್ಲ ಎಂಬುದಕ್ಕೆ ಒಂದು ಪ್ರಕರಣ ಹೇಳಬೇಕು. 1992ರ ಫೆಬ್ರವರಿಯಲ್ಲಿ ಆಲ್ಬುಕರ್ಕಿ ಎಂಬ ಊರಿನಲ್ಲಿ 79 ವರ್ಷದ ಅಜ್ಜಿಯೊಬ್ಬರು ಮೊಮ್ಮಗನ ಕಾರಿನಲ್ಲಿ ಪಕ್ಕದ ಸೀಟಿನಲ್ಲಿ ಕುಳಿತು ಮೆಕ್‌ಡೊನಾಲ್ಡ್ಸ್ ಅಂಗಡಿಯಿಂದ ಒಂದು ಲೋಟ ಕಾಫಿ ತೆಗೆದುಕೊಂಡರು. ಹಾಲು ಸಕ್ಕರೆ ಬೆರೆಸಿಕೊಳ್ಳಲೆಂದು ಮೊಮ್ಮಗ ಕಾರು ನಿಲ್ಲಿಸಿದ. ಕಾರಿನಲ್ಲಿ ಲೋಟ ಇಡಲು ಜಾಗವಿರಲಿಲ್ಲ. ಅಜ್ಜಿ ಲೋಟವನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು ಮುಚ್ಚಳ ಎಳೆದರು. ಕಾಫಿ ಪೂರ್ತಿ ತೊಡೆಯ ಮೇಲೆ ಚೆಲ್ಲಿತು. ಆ ಕಂಪನಿ ಕಾಫಿಯನ್ನು ಇಡುತ್ತಿದ್ದದ್ದು 82ರಿಂದ 88 ಡಿಗ್ರಿ ಸೆಲ್ಸಿಯಸ್ಸಿನ ಕಾವಿನಲ್ಲಿ. ಅಜ್ಜಿ 8 ದಿನ ಆಸ್ಪತ್ರೆಯಲ್ಲಿದ್ದು ಚರ್ಮದ ಕಸಿ ಮಾಡಿಸಿಕೊಳ್ಳಬೇಕಾಯಿತು. ಖರ್ಚು ಕೇಳಿದರೆ ಕಂಪನಿ ಕೊಡಲೊಪ್ಪದೆ ಪ್ರಕರಣ ಕೋರ್ಟಿಗೆ ಹೋಯಿತು. ಅದೇ ರೀತಿ ಸುಟ್ಟುಕೊಂಡವರ 700ಕ್ಕೂ ಹೆಚ್ಚು ದೂರುಗಳು ಅದಕ್ಕೆ ಮೊದಲೇ ಕಂಪನಿಗೆ ಬಂದಿದ್ದವು ಎಂದು ಅಲ್ಲಿ ತಿಳಿಯಿತು. 1994ರಲ್ಲಿ ತೀರ್ಪು ಅಜ್ಜಿಯ ಪರವಾಯಿತು. ಆದರೂ ನೂರಕ್ಕೆ 20 ಪಾಲು ತಪ್ಪು ಅಜ್ಜಿಯದೇ ಎಂದು ಪಂಚರು ಹೇಳಿದರು. ಜಗತ್ತು ಮಾತ್ರ ನೂರಕ್ಕೆ ನೂರನ್ನೂ ಅವರ ಮೇಲೆ ಹೊರಿಸಿತು. ಕಾಫಿ ಚೆಲ್ಲಿಕೊಂಡು ಲಕ್ಷಾಂತರ ಡಾಲರು ಕಿತ್ತ ಮುದುಕಿ ಎಂದು ಟೀವಿಯಲ್ಲಿ, ಪತ್ರಿಕೆಗಳಲ್ಲಿ ವರ್ಷಗಟ್ಟಲೆ ನಕ್ಕರು.

ಇದನ್ನು ಓದುವಾಗ ನನಗೆ ಆಗುಂಬೆಯ ತಿರುವು ಕಣ್ಣಮುಂದೆ ಬಂತು. ಲೋಟ ಮಡಿಲಿಗೆ ಯಾಕೆ ಬಂತು ಎಂದು ಕೇಳುವವರು ಕಡಿಮೆ. ಚೆಲ್ಲಿದಾಗ, ಉರುಳಿದಾಗ, ಒಡೆದಾಗ 'ಹಿಡಿದುಕೊಳ್ಳಲು ಬರಲಿಲ್ಲ' ಎನ್ನುವವರು ಎಲ್ಲ ದೇಶದಲ್ಲೂ ಇದ್ದಾರೆ. ವಸ್ತು ಮಾಡಿದವನ ಮರೆವು ಹೀಗೆ ವಸ್ತು ಬಳಸುವವಳ ತಪ್ಪಾಗಿ ಮಾರ್ಪಡುತ್ತದೆ. ನನ್ನ ವಿಮರ್ಶೆಯ ಮೂಲ ತಕರಾರು ಇದೇ.

ಆಮೇಲೆ ಗೂಡುಗಳಿಗೆ ಬರವಿರಲಿಲ್ಲ. ಈಗ ಅತಿಯಾಯಿತು. ಅಮೆರಿಕದ ಕಾರು ಕಂಪನಿಗಳಿಗೆ ಸಲಹೆ ಕೊಡುತ್ತಿದ್ದ ಕ್ಲೊಟೇರ್ ರಪಾಯ್ ಎಂಬ ಪಂಡಿತರ ವಾದ ಹೀಗಿತ್ತು: ತಾಯಿ ಕುಡಿಸಿದ ಬೆಚ್ಚನೆಯ ಹಾಲಿನ ನೆನಪೇ ಮನುಷ್ಯನಿಗೆ ಸುರಕ್ಷಿತ ಭಾವ ಕೊಡುವಂಥದ್ದು, ಆದ್ದರಿಂದ ಕಾರಿನಲ್ಲಿ ಲೋಟದ ಗೂಡು ಇದ್ದರೆ ಜನರಿಗೆ ಅದು ಭದ್ರವಾದ ಕಾರು ಅನ್ನಿಸುತ್ತದೆ. ವಾದ ಚೆನ್ನಾಗಿದೆ. ಆದರೆ ಹಾಲು ಕುಡಿಸಿದ ತಾಯಿ ಅದೇ ಕಾರಿನಲ್ಲಿ ಎಲ್ಲಿ ಕುಳಿತಿದ್ದಾಳೆ, ಅವಳ ಕೈಯಲ್ಲಿ ಏನಿದೆ ಎಂದೂ ಪಂಡಿತರು ನೋಡಬೇಕಿತ್ತು. ಸುಬಾರು ಕಂಪನಿಯ ಅಸೆಂಟ್ ಎಂಬ ಕಾರು 2018ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದಾಗ ಅದರ ಹೆಗ್ಗಳಿಕೆ, ಲೋಟ ಬಾಟಲಿಗಳಿಗೆ 19 ಗೂಡುಗಳು. ಕೂರುವವರು ಹೆಚ್ಚೆಂದರೆ 8 ಜನ! ಮನೆ ತುಂಬ ಸ್ಟೂಲುಗಳಿದ್ದರೂ ಬಾಣಂತಿಗೆ ಬೆನ್ನೊರಗಲು ಒಂದು ಕುರ್ಚಿಯಿಲ್ಲ ಎಂದಂತಾಯಿತು. ಎಷ್ಟು ಎಂಬುದಕ್ಕಿಂತ ಏನು ಹಿಡಿಯುತ್ತದೆ, ಯಾರ ಕೈಗೆ ಎಟಕುತ್ತದೆ ಎಂಬುದು ಮುಖ್ಯ.

ಈ ವಿಷಯದಲ್ಲಿ ನಮ್ಮ ಅಜ್ಜಿಯರ ಬುದ್ಧಿ ದೊಡ್ಡದು. ತಳ ದುಂಡಗಿರುವ ಮಡಕೆ ನೆಲದ ಮೇಲೆ ನಿಲ್ಲುವುದಿಲ್ಲ. ಅದಕ್ಕೆ ಹುಲ್ಲಿನದೋ ಹಳೇ ಸೀರೆಯದೋ ಸಿಂಬಿ ಸುತ್ತಿ ಇಡುತ್ತಿದ್ದರು. ಒಂದೇ ಸಿಂಬಿ ಕೊಡಕ್ಕೂ ಆಗುತ್ತಿತ್ತು, ಚಿಕ್ಕ ಕುಡಿಕೆಗೂ ಆಗುತ್ತಿತ್ತು, ನೀರು ಹೊರುವಾಗ ತಲೆಗೂ ಆಗುತ್ತಿತ್ತು. ಭಾರ ಬಿದ್ದಷ್ಟೂ ಅದು ಪಾತ್ರೆಯ ಆಕಾರಕ್ಕೆ ಒಗ್ಗಿಕೊಳ್ಳುತ್ತದೆ. ಹಾಲು ಮೊಸರಿಗೆ ನೆಲುವು. ಸೂರಿನಿಂದ ಇಳಿಬಿಟ್ಟ ಆ ಹಗ್ಗದ ಬಲೆಯಲ್ಲಿ ಯಾವ ಗಾತ್ರದ ಗಡಿಗೆಯಾದರೂ ಕೂರುತ್ತದೆ, ಬೆಕ್ಕಿಗೂ ಎಟಕುವುದಿಲ್ಲ. ಎತ್ತಿನ ಗಾಡಿಯ ಹೊಟ್ಟೆಯ ಕೆಳಗೆ ಹುಲ್ಲಿಗೆ ಬಲೆ, ಪಕ್ಕದಲ್ಲಿ ಕೀಲೆಣ್ಣೆಯ ಬಿದಿರಿನ ಕೊಳವೆ. ಇಂದಿಗೂ ಲಾರಿ, ಆಟೋ ಓಡಿಸುವವರನ್ನು ನೋಡಿ. ತಂತಿ ಬಗ್ಗಿಸಿಯೋ ಹಗ್ಗ ಕಟ್ಟಿಯೋ ತಮ್ಮ ನೀರಿನ ಬಾಟಲಿಗೆ ಕೈಗೆಟಕುವಲ್ಲಿ ಒಂದು ಜಾಗ ಮಾಡಿಕೊಂಡೇ ಇರುತ್ತಾರೆ. ದಿನವಿಡೀ ಬಳಸುವವನೇ ಮಾಡಿಕೊಂಡ ಜಾಗ ಹಾಗಿರುತ್ತದೆ.

ಕಂಪನಿಯವರಿಗೆ ಇದು ತಿಳಿಯದ ವಿದ್ಯೆಯೇನೂ ಅಲ್ಲ. ಗೂಡಿನ ಒಳಗೋಡೆಯಲ್ಲಿ ಸ್ಪ್ರಿಂಗು ಇರುವ ಎರಡು ಮೂರು ನಾಲಿಗೆಗಳನ್ನಿಟ್ಟರೆ, ಸಣ್ಣ ಲೋಟ ಇಟ್ಟಾಗ ಅವು ಮುಂದೆ ಬಂದು ಒತ್ತುತ್ತವೆ, ದೊಡ್ಡ ಬಾಟಲಿ ಇಟ್ಟಾಗ ಹಿಂದೆ ಸರಿಯುತ್ತವೆ. ಸೀಳು ಬಿಟ್ಟ ರಬ್ಬರಿನ ಬಳೆ ಹಾಕಿದರೂ ಅದೇ ಕೆಲಸ. ಬಾವಿಯ ಮೆಟ್ಟಿಲಿನಂತೆ ಮೇಲೆ ಅಗಲ, ಕೆಳಗೆ ಕಿರಿದು ಮಾಡಿದರೆ ಎರಡು ಅಳತೆಗಳು ಕೂರುತ್ತವೆ. ಇವೆಲ್ಲ ಯಂತ್ರದಲ್ಲಿ ಮಾಡಿದ ಸಿಂಬಿಗಳೇ. ಆದರೆ ಎರಡು ಸೀಟುಗಳ ನಡುವಿನ ಗೇಣಗಲದ ಜಾಗಕ್ಕೆ ಗೇರು, ಹ್ಯಾಂಡ್‌ಬ್ರೇಕು, ಗುಂಡಿಗಳು, ಕೈಯಿಡುವ ದಿಂಬು ಎಲ್ಲವೂ ಹಕ್ಕುದಾರರು. ಪಾಲು ಮಾಡುವಾಗ ಕೊನೆಗೆ ಉಳಿದ ಮೂಲೆ ಲೋಟಕ್ಕೆ. ಮನೆಯಲ್ಲಿ ಕೊನೆಗೆ ಉಂಡವರಿಗೆ ತಳ ಹತ್ತಿದ ಅನ್ನ ಸಿಗುವ ಹಾಗೆ.

ಜಾಗವನ್ನು ಮೊದಲೇ ಯೋಚಿಸಿದವರೂ ಇದ್ದಾರೆ. ಜಪಾನಿನ ಪುಟ್ಟ ಕಾರುಗಳಲ್ಲಿ ಹಾಲಿನ ಚೌಕ ಪೊಟ್ಟಣ ಕೂರಲೆಂದು ಚೌಕನೆಯ ಗೂಡು ಮಾಡಿದ್ದನ್ನು, ಅಂಗಡಿಯ ಚೀಲ ನೇತುಹಾಕಲು ಕೊಕ್ಕೆ ಕೊಟ್ಟಿದ್ದನ್ನು, ಪಕ್ಕದ ಸೀಟಿನ ಕೆಳಗೆ ಎತ್ತಿಕೊಂಡು ಹೋಗಬಹುದಾದ ಬುಟ್ಟಿ ಇಟ್ಟಿದ್ದನ್ನು ಓದಿ ಸಂತೋಷವಾಯಿತು. ಚೆಕ್ ದೇಶದ ಸ್ಕೋಡಾ ಕಂಪನಿಯವರು ಗೂಡಿನ ತಳದಲ್ಲಿ ಸಣ್ಣ ಸಣ್ಣ ಮೊಳಕೆಗಳನ್ನಿಟ್ಟಿದ್ದಾರೆ. ಪ್ಲಾಸ್ಟಿಕ್ ಬಾಟಲಿಯ ತಳವನ್ನು ಅವು ಕಚ್ಚಿ ಹಿಡಿಯುವುದರಿಂದ ಒಂದೇ ಕೈಯಲ್ಲಿ ಬಿರಡೆ ತಿರುಗಿಸಬಹುದು. ಅವರ ಕೆಲವು ಕಾರುಗಳಲ್ಲಿ ಬಾಗಿಲಿನೊಳಗೆ ಕೊಡೆಗೊಂದು ಗೂಡು, ಡಿಕ್ಕಿಯಲ್ಲಿ ಸಾಮಾನು ಉರುಳದಂತೆ ಬೇಕಾದಲ್ಲಿ ಅಂಟಿಸಿ ಕೀಳಬಹುದಾದ ತಡೆಗಳು. ವರ್ಷದಲ್ಲಿ ನಾಲ್ಕು ತಿಂಗಳು ಕೊಡೆ ಹಿಡಿಯುವ ನಮ್ಮ ಮಲೆನಾಡಿನವರಿಗೆ ಅದರ ಬೆಲೆ ಗೊತ್ತು.

ಎಲ್ಲಕ್ಕಿಂತ ನನ್ನ ಮನಸ್ಸಿಗೆ ಹಿಡಿದದ್ದು, 2004ರ ಮಾರ್ಚಿನಲ್ಲಿ ಜಿನೀವಾದ ಪ್ರದರ್ಶನದಲ್ಲಿ ಸ್ವೀಡನ್ನಿನ ವೋಲ್ವೊ ಕಂಪನಿ ಇಟ್ಟ ವೈಸಿಸಿ ಎಂಬ ಕಾರು. ಅದರ ವಿನ್ಯಾಸದಲ್ಲಿ ನಿರ್ಧಾರ ತೆಗೆದುಕೊಂಡವರೆಲ್ಲ ಹೆಂಗಸರು. ಅವರು ಮಾಡಿದ ಒಂದು ಮುಖ್ಯ ಕೆಲಸವೆಂದರೆ, ಸೀಟುಗಳ ನಡುವಿನಿಂದ ಗೇರು, ಹ್ಯಾಂಡ್‌ಬ್ರೇಕುಗಳನ್ನು ಎತ್ತಿ ಬೇರೆಡೆಗೆ ಹಾಕಿದ್ದು. ಆ ಜಾಗದಲ್ಲಿ ಕೈಚೀಲಕ್ಕೆ, ಸಣ್ಣಪುಟ್ಟ ಸಾಮಾನಿಗೆ ಬೇರೆ ಬೇರೆ ಗೂಡು. ಹಿಂದಿನ ಸೀಟುಗಳು ಸಿನಿಮಾ ಟಾಕೀಸಿನ ಕುರ್ಚಿಯಂತೆ ಮೇಲಕ್ಕೆ ಮಡಚಿಕೊಳ್ಳುತ್ತಿದ್ದವು, ಕೆಳಗೆ ಸಾಮಾನಿನ ಚೀಲ ಇಡಬಹುದಿತ್ತು. ತಲೆಯ ದಿಂಬಿನಲ್ಲಿ ಜುಟ್ಟಿಗೆ ಸಹ ಒಂದು ಸಂದು ಬಿಟ್ಟಿದ್ದರು! ತುರುಬು ಕಟ್ಟಿಕೊಂಡು ಕಾರಿನಲ್ಲಿ ತಲೆ ಮುಂದೆ ಬಾಗಿಸಿ ಕುಳಿತ ನಮಗೆಲ್ಲ ಅದು ಅರ್ಥವಾಗುತ್ತದೆ. ಜನ ಮೆಚ್ಚಿದರು, ಪತ್ರಿಕೆಗಳು ಬರೆದವು, ಆದರೆ ಆ ಕಾರು ಮಾರಾಟಕ್ಕೆ ಬರಲೇ ಇಲ್ಲ. ಪ್ರದರ್ಶನದ ವಸ್ತುವಾಗಿಯೇ ಉಳಿಯಿತು. ಅದನ್ನು 'ಹೆಂಗಸರ ಕಾರು' ಎಂದು ಬೇರೆ ಕರೆದದ್ದೇ ತಪ್ಪೇನೋ. ಬಾಟಲಿ ಉರುಳಿದರೆ ಬ್ರೇಕು ಸಿಕ್ಕಿಕೊಳ್ಳುವುದು ಗಂಡಸಿನ ಕಾಲಿಗೂ ತಾನೆ?

ನಮ್ಮ ದೇಶದ ಕಾರುಗಳೂ ಸುಧಾರಿಸಿಲ್ಲ ಎಂದರೆ ನ್ಯಾಯವಾಗುವುದಿಲ್ಲ. ಬಾಗಿಲಿನಲ್ಲಿ ಒಂದು ಲೀಟರಿನ ಬಾಟಲಿ ಕೂರುತ್ತದೆ ಎಂದು ಈಗ ಹಲವು ಕಂಪನಿಗಳು ಜಾಹೀರಾತಿನಲ್ಲೇ ಹೇಳುತ್ತವೆ. 2018ರಲ್ಲಿ ಹೊಸ ರೂಪದಲ್ಲಿ ಬಂದ ಎರ್ಟಿಗಾದಲ್ಲಿ ಏರ್‌ಕಂಡೀಷನ್ನಿನ ತಣ್ಣನೆಯ ಗಾಳಿ ಬರುವ ಲೋಟದ ಗೂಡುಗಳಿದ್ದವು. ನನ್ನ ತಕರಾರು ಬೇರೆ. ಕಡಿಮೆ ಬೆಲೆಯ ಮಾದರಿಗಳಿಗೆ ಬಂದಾಗ ಮೊದಲು ಕತ್ತರಿ ಬೀಳುವುದು ಹಿಂದಿನ ಸೀಟಿನವರ ಅನುಕೂಲಕ್ಕೆ. ಹಿಂದೆ ಕೂರುವವರು ಯಾರು? ಮುದುಕರು, ಮಕ್ಕಳು, ಅವರಿಬ್ಬರನ್ನೂ ನೋಡಿಕೊಳ್ಳುವ ಹೆಂಗಸು. ಇಡುವ ಸಾಮಾನು ಹೆಚ್ಚಿರುವುದು ಅಲ್ಲಿ, ಜಾಗ ಇಲ್ಲದಿರುವುದೂ ಅಲ್ಲಿ.

ಇದು ಬರೀ ಅನುಕೂಲದ ಮಾತಲ್ಲ. ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರಿಗೆ ಕೇಳಿದೆ, ಕಾರು 50 ಕಿಲೋಮೀಟರು ವೇಗದಲ್ಲಿ ಏನಕ್ಕಾದರೂ ಡಿಕ್ಕಿ ಹೊಡೆದರೆ ಒಳಗಿರುವ ತುಂಬಿದ ಬಾಟಲಿಯ ಕಥೆ ಏನು ಎಂದು. ಅವರು ಕರಿಹಲಗೆಯ ಮೇಲೆ ಲೆಕ್ಕ ಮಾಡಿ ತೋರಿಸಿದರು. ಕಾರು ನಿಂತರೂ ಬಾಟಲಿ ಅದೇ ವೇಗದಲ್ಲಿ ಮುಂದೆ ಹೋಗುತ್ತದೆ. ಆ ವೇಗ, ಸುಮಾರು 10 ಮೀಟರು ಎತ್ತರದಿಂದ ಬಿದ್ದ ವಸ್ತು ನೆಲ ಮುಟ್ಟುವಾಗ ಇರುವ ವೇಗಕ್ಕೆ ಸಮ. ಮೂರನೇ ಮಹಡಿಯಿಂದ ಯಾರದೋ ತಲೆಯ ಮೇಲೆ ಒಂದು ಲೀಟರಿನ ಸ್ಟೀಲ್ ಬಾಟಲಿ ಬಿದ್ದಂತೆ. ಮುಂದಿನ ಸೀಟಿನ ತಲೆಗಳನ್ನು ನೆನೆಸಿಕೊಂಡೆ, ಮೈ ಜುಮ್ಮೆಂದಿತು.

ಆದ್ದರಿಂದ ಕಾರು ಕೊಳ್ಳುವ ಮನೆಗಳ ಹೆಂಗಸರಿಗೆ ನಾನು ಒಂದು ಪರೀಕ್ಷಾ ಕ್ರಮ ಹೇಳುತ್ತೇನೆ. ಅಂಗಡಿಗೆ ಹೋಗುವಾಗ ನಿಮ್ಮ ಮನೆಯದೇ ಬಾಟಲಿ, ಲೋಟ, ಕೈಚೀಲ ತೆಗೆದುಕೊಂಡು ಹೋಗಿ. ಬಾಟಲಿಗೆ ನೀರು ತುಂಬಿರಲಿ. ಗೂಡಿನಲ್ಲಿಟ್ಟು ಕೈಯಿಂದ ಅಲುಗಿಸಿ ನೋಡಿ. ಬಾಟಲಿಯ ಎತ್ತರದ ಮೂರನೇ ಒಂದು ಭಾಗವಾದರೂ ಒಳಗೆ ಕೂರದಿದ್ದರೆ ತಿರುವಿನಲ್ಲಿ ಅದು ಹೊರಗೆ ಬೀಳುತ್ತದೆ. ಬಾಟಲಿ ಇಟ್ಟ ಮೇಲೆ ಗೇರು ಹಾಕಲು ಅಡ್ಡವಾಗುತ್ತದೆಯೇ ನೋಡಿ. ಓಡಿಸುವವರು ರಸ್ತೆಯಿಂದ ಕಣ್ಣು ತೆಗೆಯದೆ ಅದನ್ನು ಮುಟ್ಟಬಲ್ಲರೇ ಕೇಳಿ. ಹಿಂದಿನ ಸೀಟಿನಲ್ಲಿ ಕುಳಿತು, ಒಂದು ಕೈಯಲ್ಲಿ ಮಗುವಿದೆ ಎಂದುಕೊಂಡು, ಇನ್ನೊಂದು ಕೈಗೆ ಏನು ಎಟಕುತ್ತದೆ ಪರೀಕ್ಷಿಸಿ. ಗೂಡಿನ ತಳದ ರಬ್ಬರು ಬಿಚ್ಚಿ ತೊಳೆಯಲು ಬರುತ್ತದೆಯೇ? ಇಲ್ಲದಿದ್ದರೆ ಚೆಲ್ಲಿದ ಹಾಲಿಗೆ ಇರುವೆಗಳ ಸಂಸಾರ ಖಂಡಿತ. ಕೊನೆಯದಾಗಿ, ಮುಂದಿನ ಸೀಟಿನ ಕೆಳಗೆ ಬಾಟಲಿ ನುಸುಳುವಷ್ಟು ಸಂದಿದೆಯೇ ಎಂದು ಬಗ್ಗಿ ನೋಡಿ. ಅಂಗಡಿಯ ಹುಡುಗ ನಗಬಹುದು. ನಗಲಿ. ಮೈಲೇಜು ಕೇಳಿದವರನ್ನು ನೋಡಿ ಅವನು ನಗುವುದಿಲ್ಲ, ಬಾಟಲಿ ಕೇಳುವವರು ಹೆಚ್ಚಾದರೆ ಆಗಲೂ ನಗುವುದಿಲ್ಲ.

ನಮ್ಮ ಕಾರು ಇನ್ನೂ ಅದೇ. ಹೊಸದು ಕೊಳ್ಳುವಷ್ಟು ದುಡ್ಡಿಲ್ಲ. ಹಳೇ ಸೀರೆಯೊಂದನ್ನು ಸೀಳಿ, ಎರಡು ಪುಟ್ಟ ಸಿಂಬಿ ಹೊಸೆದು ಗೂಡುಗಳಲ್ಲಿ ಕೂರಿಸಿದ್ದೇನೆ. ಲೋಟ ಈಗ ಅಲ್ಲಾಡುವುದಿಲ್ಲ. ಮುಂದಿನ ಸೀಟಿನ ಬೆನ್ನಿಗೆ ದಪ್ಪ ಬಟ್ಟೆಯಲ್ಲಿ ಉದ್ದ ಜೇಬುಗಳನ್ನು ಹೊಲಿದು ಕಟ್ಟಿದ್ದೇನೆ. ಬಾಟಲಿಯ ಜೇಬಿಗೆ ಮೇಲೊಂದು ಗುಂಡಿ ಹಾಕಿದ್ದೇನೆ. ಸೀಟಿನ ಕೆಳಗಿನ ಸಂದಿಗೆ ಹಳೇ ಚಾಪೆಯ ಸುರುಳಿಯನ್ನು ಬಿಗಿಯಾಗಿ ಕಟ್ಟಿದ್ದಾಗಿದೆ. ನೋಡಲು ಚೆಂದವಿಲ್ಲ. ಅತ್ತೆ ಇದ್ದಷ್ಟು ದಿನ ಅವರ ಮಾತ್ರೆ, ನೀರು, ಕವರು ಅವರ ಕೈಗೇ ಎಟಕುತ್ತಿದ್ದವು. "ಈಗ ನಿನ್ನ ಕೈ ನಂಗೆ ಸಿಕ್ತು ನೋಡು" ಎಂದು ಒಮ್ಮೆ ನನ್ನ ಕೈ ಹಿಡಿದು ಕುಳಿತಿದ್ದರು. ಎರಡು ವರ್ಷದ ಹಿಂದೆ ಹೋಗಿಬಿಟ್ಟರು.

ಆ ಮೇಲೆ ನಾನು ಕಾರು ಓಡಿಸುವುದನ್ನು ಕಲಿತೆ. ಈಗ ಮದುವೆ ಮುಂಜಿಗೆ ನಾನೇ ಓಡಿಸುತ್ತೇನೆ, ನಮ್ಮವರು ಪಕ್ಕದಲ್ಲಿ ಕೂರುತ್ತಾರೆ. ಮೊನ್ನೆ ಹೊರಡುವಾಗ ಅವರ ಒಂದು ಕೈಯಲ್ಲಿ ಮುಯ್ಯಿಯ ಪೊಟ್ಟಣ, ಇನ್ನೊಂದರಲ್ಲಿ ಹೂವಿನ ಕವರು, ಕಂಕುಳಲ್ಲಿ ಫ್ಲಾಸ್ಕು. ಬೆಲ್ಟು ಹಾಕಿಕೊಳ್ಳಲಾಗದೆ ಒದ್ದಾಡುತ್ತಾ ಸುತ್ತಮುತ್ತ ನೋಡಿ, "ಇವಕ್ಕೆಲ್ಲ ಈ ಕಾರಲ್ಲಿ ಒಂದು ಜಾಗವೇ ಮಾಡಿಲ್ವಲ್ಲ ಮಾರಾಯ್ತಿ!" ಎಂದರು. ನಾನು ಏನೂ ಹೇಳಲಿಲ್ಲ. ಅವರಿಗೆ ಬೆಲ್ಟು ಹಾಕಿಕೊಟ್ಟು, ಫ್ಲಾಸ್ಕನ್ನು ಜೇಬಿಗಿಳಿಸಿ ಗುಂಡಿ ಹಾಕಿ, ಕಾರು ಶುರು ಮಾಡಿದೆ.